ಟೆಕ್ನೋಗೆ ರಾಗ ಹಾಕಿದೆ, ಖಾಲಿ ಮರೆತಿದ್ದೆ

ಅಪ್ಪ ಧಾರವಾಡದಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದರು. ಊರಲ್ಲಿ ಎಲ್ಲೇ ತಬಲಾ ಸೋಲೋ ಇದ್ದರೂ ಲೆಹರಾ ಹಿಡಿಯಲು ಅವರಿಗೇ ಕರೆ ಬರುತ್ತಿತ್ತು. ಲೆಹರಾ ಅಂದರೆ ತಾಳದ ಒಂದು ಆವರ್ತನಕ್ಕೆ ಸರಿಯಾಗಿ ಕೂರುವ ಸಣ್ಣ ಧಾಟಿ. ತಬಲಾದವರು ಕಾಯ್ದಾ, ರೇಲಾ, ಚಕ್ರದಾರ್ ಅಂತ ತಮ್ಮ ವಿದ್ಯೆಯನ್ನೆಲ್ಲ ಹರವುತ್ತಿರುವಾಗ ಹಾರ್ಮೋನಿಯಂನವರು ಅದೊಂದನ್ನೇ ಮುಕ್ಕಾಲು ಗಂಟೆ ತಿರುಗಿಸುತ್ತ ಕೂತಿರಬೇಕು. ಚಿಕ್ಕಂದಿನಲ್ಲಿ ನನಗೆ ಅಪ್ಪನ ಮೇಲೆ ಕನಿಕರ. ಇಷ್ಟೊಂದು ರಾಗ ಗೊತ್ತಿರುವ ಮನುಷ್ಯನಿಗೆ ಇದೆಂಥ ಕೂಲಿ ಕೆಲಸ ಅನ್ನಿಸುತ್ತಿತ್ತು.

ಈಗ ನಾನಿರುವುದು ಗೋವಾದ ಮಾಪುಸಾದಲ್ಲಿ. ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಒಬ್ಬರ ಹತ್ತಿರ ಕೆಲಸ. ಹಗಲೆಲ್ಲ ಬಾಕ್ಸು, ಆಂಪು, ಕೇಬಲ್ಲು; ರಾತ್ರಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಟೆಕ್ನೋ, ಅಂದರೆ ಮಷೀನಿನ ಒಂದೇ ಸಮನೆ ಬಡಿತದ ಮೇಲೆ ಕಟ್ಟುವ ಕುಣಿತದ ಸಂಗೀತ. ಸೀಸನ್ನಿನಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ನುಡಿಸಲೂ ಕರೆಯುತ್ತಾರೆ, ಹೆಚ್ಚಾಗಿ ಜನ ಬರುವುದಕ್ಕೆ ಮುಂಚಿನ ಹೊತ್ತಿಗೆ.

ಟೆಕ್ನೋ ಮಾಡುವ ನಮ್ಮಲ್ಲೊಂದು ಮುಗಿಯದ ಜಗಳವಿದೆ. ಟೆಕ್ನೋಗೆ ಇನ್ನಷ್ಟು ಸಂಗೀತ ಬೇಕು, ಸ್ವರ ಬೇಕು, ಅದು ಎಲ್ಲಿಗಾದರೂ ಸಾಗಬೇಕು ಎನ್ನುವವರು ಒಂದು ಕಡೆ. ಕುಣಿಯುವುದಕ್ಕೆ ಒಂದೇ ತುಣುಕು ತಿರುತಿರುಗಿ ಬರುವ ಲೂಪೇ ಸಾಕು, ಮಿಕ್ಕಿದ್ದೆಲ್ಲ ಒಗ್ಗರಣೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಟೆಕ್ನೋ ಹುಟ್ಟಿದ ಅಮೆರಿಕದ ಊರು ಡೆಟ್ರಾಯಿಟ್ ಮೇಲೆ ಆಣೆ ಹಾಕುತ್ತಾರೆ. ಹಾಕಲಿ, ಇಬ್ಬರಿಗೂ ಅಲ್ಲಿ ಸಾಕ್ಷಿ ಸಿಗುತ್ತದೆ. ಡೆರಿಕ್ ಮೇ 1987ರಲ್ಲಿ ಹೊರತಂದ 'ಸ್ಟ್ರಿಂಗ್ಸ್ ಆಫ್ ಲೈಫ್'ನಲ್ಲಿ ಪಿಯಾನೊ, ತಂತಿವಾದ್ಯದ ಸದ್ದು ತುಂಬಿ ತುಳುಕುತ್ತದೆ, ಬಾಸ್‌ಲೈನ್ ಅನ್ನುವುದೇ ಇಲ್ಲ. ಅದೇ ಊರಿನ ರಾಬರ್ಟ್ ಹುಡ್ 1994ರಲ್ಲಿ 'ಮಿನಿಮಲ್ ನೇಷನ್' ಮಾಡಿದಾಗ ಬೆರಳೆಣಿಕೆಯ ಸದ್ದುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಆಚೆ ಹಾಕಿದ. ಹುಟ್ಟಿದ ಮನೆ ಕೇಳಿ ಈ ಜಗಳ ಬಗೆಹರಿಯುವುದಿಲ್ಲ.

ನಾನು ಮೊದಲನೇ ಗುಂಪಿನವನು. ಹಾರ್ಮೋನಿಯಂ ಮಾಸ್ತರರ ಮಗ, ಇನ್ನೇನಾದೇನು? ಜೊತೆಗೆ ಚರಣ್‌ಜಿತ್ ಸಿಂಗ್ ಅವರ ರೆಕಾರ್ಡಿನ ಹುಚ್ಚು ಬೇರೆ. ಮುಂಬೈನ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಷೀನು, ಟಿಬಿ-303 ಬಾಸ್ ಮಷೀನುಗಳ ಮೇಲೆ ಹತ್ತು ರಾಗ ನುಡಿಸಿಟ್ಟಿದ್ದರು. ಆಗ ಯಾರೂ ತಿರುಗಿ ನೋಡಲಿಲ್ಲ, 2010ರಲ್ಲಿ ಮರುಮುದ್ರಣವಾದ ಮೇಲೆ ಲೋಕವೆಲ್ಲ ಬೆರಗಾಯಿತು. ಅದು ಆಗುವುದಾದರೆ ನನ್ನದೂ ಆದೀತು ಎಂದುಕೊಂಡೆ.

ಭೀಮಪಲಾಸ ರಾಗ ಹಿಡಿದೆ. 130 ಬಿಪಿಎಂ, ಅಂದರೆ ನಿಮಿಷಕ್ಕೆ 130 ಪೆಟ್ಟು; ಏಳು ನಿಮಿಷ. 303ರ ತರಹದ ಸಿಂಥಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಕರ್ಯ ಇರುತ್ತದೆ, ಹತ್ತಿರ ಹತ್ತಿರ ಮೀಂಡ್ ಬಂದಂತೆಯೇ ಕೇಳುತ್ತದೆ. ಮಂದ್ರದಲ್ಲಿ ಶುರು ಮಾಡಿ, ಮಧ್ಯಮದ ಮೇಲೆ ನಿಂತು, ಐದನೇ ನಿಮಿಷಕ್ಕೆ ತಾರ ಷಡ್ಜ ಮುಟ್ಟುವ ಹಾಗೆ ಕಟ್ಟಿದೆ. ಅದಕ್ಕೆ ಮೂರು ತಿಂಗಳು ಹಿಡಿಯಿತು.

ವಾಗಾತೋರ್ ಕಡೆಯ ಒಂದು ಬಯಲು ಜಾಗದಲ್ಲಿ ನುಡಿಸಿದೆ. ಬಯಲಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಆಗಬೇಕು, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಹಾಗಾಗಿ ಎಂಟೂವರೆ ಒಂಬತ್ತಕ್ಕೇ ಅಲ್ಲಿ ನಡುರಾತ್ರಿಯ ಹುರುಪು ಬಂದಿರುತ್ತದೆ. ಬರೀ ತಾಳ ಇದ್ದಷ್ಟು ಹೊತ್ತು ಎಲ್ಲರೂ ಚೆನ್ನಾಗಿಯೇ ಕುಣಿಯುತ್ತಿದ್ದರು. ರಾಗ ತಲೆ ಎತ್ತಿದ್ದೇ ತಡ, ಅಷ್ಟೂ ಜನ ನನ್ನ ಕಡೆ ತಿರುಗಿದರು. ನಾನು ಹಿಗ್ಗಿದೆ. ಅರ್ಧ ನಿಮಿಷ ಕಳೆದ ಮೇಲೆ ನೋಡಿದರೆ ಕಾಲುಗಳೆಲ್ಲ ನಿಂತಿವೆ. ಇಬ್ಬರು ಫೋನ್ ಎತ್ತಿ ರೆಕಾರ್ಡ್ ಮಾಡುತ್ತಿದ್ದರು, ಒಬ್ಬಳು ತಲೆದೂಗುತ್ತಿದ್ದಳು. ಕಚೇರಿ ಆಗಿಹೋಗಿತ್ತು.

ನನ್ನ ನಂತರ ನುಡಿಸಬೇಕಿದ್ದ ಡಿಜೆ ತನ್ನ ಟ್ರ್ಯಾಕನ್ನು ನನ್ನದರ ಮೇಲೆ ಬೆರೆಸಲು ನೋಡಿದಳು. ಅವಳ ಶ್ರುತಿ ಬೇರೆ, ನನ್ನದು ಬೇರೆ. ಎರಡೂ ಕೂಡಿದಾಗ ಎದ್ದ ಅಪಸ್ವರಕ್ಕೆ ನನಗೇ ಹಲ್ಲು ಜುಮ್ಮೆಂದಿತು. ಅವಳು ಸದ್ದಿಲ್ಲದೆ ಮಿಕ್ಸರಿನಲ್ಲಿ ನಡುವಿನ ಸ್ವರಗಳನ್ನು ಇಳಿಸುವ ಮಿಡ್ ನಾಬ್ ತಿರುಗಿಸಿ ನನ್ನ ಭೀಮಪಲಾಸವನ್ನು ಪೂರ್ತಿ ಕತ್ತರಿಸಿದಳು. ಉಳಿದದ್ದು ಕಿಕ್ಕಿನ ದಪ್ಪ ಪೆಟ್ಟು, ಹೈಹ್ಯಾಟಿನ ಚಿಕ್ ಚಿಕ್. ಜನ ಮತ್ತೆ ಕುಣಿಯತೊಡಗಿದರು.

ಸಿಟ್ಟು ಬಂತು. ಸಿಟ್ಟಿನಲ್ಲೇ ಈ ಕಡೆಯಿಂದ ಆ ಕಡೆಗೆ ಜಿಗಿದೆ, ಇನ್ನು ಬರೀ ಲೂಪು ಅಂತ. ನಾಲ್ಕು ಪೆಟ್ಟಿಗೆ ಹದಿನಾರು ಸ್ಟೆಪ್ಪಿನ ಒಂದು ಬಾರು, ಅಂದರೆ ಒಂದು ಸುತ್ತು, ಅದೇ ಎಂಟು ನಿಮಿಷ. ಗೋದಾಮಿನಲ್ಲಿ ಬಾಕ್ಸ್ ಪರೀಕ್ಷೆ ಮಾಡುವ ನೆಪದಲ್ಲಿ ಹಾಕಿದೆ. ನಮ್ಮಲ್ಲಿ ಲೋಡಿಂಗ್ ಮಾಡುವ ಬಾದಾಮಿ ಕಡೆಯ ಹುಡುಗ ಸ್ವಲ್ಪ ಹೊತ್ತು ಕೇಳಿ, "ಸರ, ನಿಂತ ಲಾರಿ ಇಂಜಿನ್ ಚಾಲೂ ಬಿಟ್ಟಂಗ ಆಗೇತ್ರಿ, ಬಂದ್ ಮಾಡ್ಲೇನ್ರಿ?" ಅಂದ. ಸುಳ್ಳಲ್ಲ, ಹಾಗೇ ಇತ್ತು.

ಒಂದು ಹಳೇ ಉಪಾಯ ಮಾಡಿ ನೋಡಿದೆ. ಕಿಕ್ಕು ಹದಿನಾರು ಸ್ಟೆಪ್ಪಿಗೆ ತಿರುಗಲಿ, ಮೇಲಿನ ಒಂದು ಟಿಣ್ ಸದ್ದು ಏಳು ಸ್ಟೆಪ್ಪಿಗೇ ತಿರುಗಲಿ. ಎರಡೂ ಒಟ್ಟಿಗೆ ಶುರುವಾದರೆ ಮತ್ತೆ ಒಂದೇ ಜಾಗದಲ್ಲಿ ಭೇಟಿಯಾಗುವುದು 112 ಸ್ಟೆಪ್ ಕಳೆದ ಮೇಲೆ, ಅಂದರೆ ಏಳು ಬಾರು ಮುಗಿದಾಗೊಮ್ಮೆ. 130ರ ವೇಗದಲ್ಲಿ ಸುಮಾರು 13 ಸೆಕೆಂಡು. ಬರೆದದ್ದು ಎರಡೇ ಸಾಲು, ಆದರೂ ಮುಂದಿನದು ಎಲ್ಲಿ ಬಂತೆಂದು ಕಿವಿ ಹುಡುಕುತ್ತದೆ. ಇದರಿಂದ ಲಾರಿ ಸ್ವಲ್ಪ ಅಲುಗಾಡಿತು, ಹೊರಡಲಿಲ್ಲ.

ಮಳೆಗಾಲದಲ್ಲಿ ಅಪ್ಪ ಬಂದರು. ಅನಮೋಡ ಘಾಟಿನ ಬಸ್ಸಿನಲ್ಲಿ ಮೈಯೆಲ್ಲ ನುಗ್ಗಾಗಿ ಬಂದು, ಎರಡು ದಿನ ಮಲಗಿ, ಮೂರನೇ ದಿನ "ನೀ ಏನ ಮಾಡ್ತಿ, ಕೇಳ್ಸು" ಅಂದರು. ಆ ಏಳು-ಹದಿನಾರರ ಟ್ರ್ಯಾಕ್ ಹಾಕಿದೆ. ಮಂಚದ ಮೇಲೆ ಕೂತು ಮೊಣಕಾಲ ಮೇಲೆ ಬೆರಳು ಮಡಚುತ್ತ ತಾಳ ಹಾಕಿಕೊಂಡರು. ಎರಡು ನಿಮಿಷಕ್ಕೆ ಬೆರಳು ನಿಂತವು.

"ಸಮ್ ಎಲ್ಲೈತಿ ತಮ್ಮಾ?"

"ಒಂದನೇ ಪೆಟ್ಟಿಗೆ, ಅಪ್ಪಾ."

"ಎಲ್ಲಾ ಪೆಟ್ಟೂ ಒಂದ ತೂಕದ್ದು ಅದಾವಲ್ಲೋ. ಖಾಲಿ ಎಲ್ಲಿ ಇಟ್ಟೀ?"

ಇಟ್ಟಿರಲಿಲ್ಲ. ಸಮ್ ಅಂದರೆ ಆವರ್ತನದ ಮೊದಲ ಮಾತ್ರೆ, ಅಂದರೆ ಎಣಿಕೆಯ ಮೊದಲ ಪೆಟ್ಟು; ಖಾಲಿ ಅಂದರೆ ತೂಕ ಇಳಿಸುವ ಜಾಗ. ಹದಿನಾರು ಮಾತ್ರೆಯ ತೀನ್‌ತಾಲದ ಠೇಕಾ, ಅದರ ಮೂಲ ಬೋಲುಗಳು, ಬಲ್ಲವರಿಗೆ ಹೇಳಬೇಕಾಗಿಲ್ಲ: ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಒಂಬತ್ತನೇ ಮಾತ್ರೆಗೆ ಖಾಲಿ. ಹತ್ತರಿಂದ ಹದಿಮೂರರವರೆಗೆ ಧಿನ್ ಇದ್ದದ್ದು ತಿನ್ ಆಗುತ್ತದೆ, ಧಾ ಇದ್ದದ್ದು ತಾ ಆಗುತ್ತದೆ. ಬಲಗೈ ತನ್ನ ಕೆಲಸ ಬಿಡುವುದಿಲ್ಲ, ಎಡಗೈಯ ಡಗ್ಗಾದ ಗುಂಯ್‌ಗುಡುವಿಕೆ ಮಾತ್ರ ಇಲ್ಲವಾಗುತ್ತದೆ. ಹದಿನಾಲ್ಕಕ್ಕೆ ಅದು ವಾಪಸ್ಸು ಬಂದು ಸಮ್ ಕಡೆಗೆ ನೂಕುತ್ತದೆ. ಕಣ್ಣು ಮುಚ್ಚಿ ಕೂತವನಿಗೂ ತಾನು ಆವರ್ತನದ ಎಲ್ಲಿದ್ದೇನೆ ಅಂತ ಹೊಟ್ಟೆಗೇ ಗೊತ್ತಾಗುವುದು ಈ ಇಲ್ಲದಿರುವಿಕೆಯಿಂದ. ಇಷ್ಟು ವರ್ಷ ತಗ್ಗಿನ ಸದ್ದಿನ ಬಾಕ್ಸು, ಸಬ್‌ವೂಫರ್, ಹೊತ್ತವನಿಗೆ ಇದು ಹೊಳೆದಿರಲಿಲ್ಲ.

ಲೆಹರಾ ಮಾತೂ ಅವತ್ತೇ ಬಂತು. ಅಷ್ಟು ಹೊತ್ತು ಅದನ್ನೇ ನುಡಿಸಲು ಬೇಜಾರಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಅಲ್ಲಿ ಶಾಣ್ಯಾತನ ಮಾಡೋ ಹಂಗಿಲ್ಲೋ. ನಾ ಗ್ವಾಡಿ ಇದ್ದಂಗ. ಗ್ವಾಡೀನ ಅಳ್ಳಾಡಿದರ ತಬಲಾದಂವ ಯಾವುದಕ್ಕ ಆತು ಕುಂಡ್ರಬೇಕು?" ಅಂದರು. ಹಾಗಾದರೆ ನಮ್ಮಲ್ಲಿ ಕುಣಿಯುವವರೇ ತಬಲಾದವರು, ನಾನು ಲೆಹರಾದವನು ಅಂದೆ, ಭಾರಿ ಕಂಡುಹಿಡಿದವನ ಹಾಗೆ. ಅಪ್ಪ ಒಪ್ಪಲಿಲ್ಲ. "ಕುಣಿಯೋ ಮಂದಿಗೆ ಲೆಕ್ಕ ಬರ್ತೈತೇನು? ಸುಮ್ನಿರು" ಅಂದು ಚಹಾ ಕೇಳಿದರು.

ಮಳೆ ಮುಗಿಯುವ ತನಕ ಅದೇ ಕೆಲಸ. ಹದಿನಾರು ಕಿಕ್ಕನ್ನು ಹದಿನಾರು ಮಾತ್ರೆ ಎಂದುಕೊಂಡೆ. ನಾಲ್ಕು ಬಾರಿನ ಆವರ್ತನ, ಸುಮಾರು ಏಳೂವರೆ ಸೆಕೆಂಡು. ಮೊದಲು ಖಾಲಿಯ ಜಾಗದಲ್ಲಿ ಕಿಕ್ಕನ್ನೇ ತೆಗೆದೆ. ಅದು ಕರೆಂಟ್ ಹೋದ ಹಾಗಾಯಿತು. ಆಮೇಲೆ ಕಿಕ್ಕಿನ ತಲೆ ಉಳಿಸಿ ಬಾಲ ಕತ್ತರಿಸಿದೆ. ಕಿಕ್ಕಿನಲ್ಲಿ ಮೊದಲು ಟಕ್ ಅನ್ನುವ ಪೆಟ್ಟು, ಹಿಂದೆಯೇ 50 ಹರ್ಟ್ಜ್ ಆಸುಪಾಸಿನ ತೀರ ತಗ್ಗಿನ ಒಂದು ದೀರ್ಘ ಗುಂಗು ಇರುತ್ತದೆ. ಬೇರೆ ಮಾತ್ರೆಗಳಲ್ಲಿ ಆ ಗುಂಗು 300 ಮಿಲಿಸೆಕೆಂಡ್ ಇರಲಿ, ಹತ್ತರಿಂದ ಹದಿಮೂರರವರೆಗೆ 90ಕ್ಕೆ ಇಳಿಯಲಿ. ಅಂಗೈ ಒತ್ತಿ ಡಗ್ಗಾ ಮುಚ್ಚಿದ ಹಾಗೆ. ಬಾಸ್ ಕೂಡ ಆ ನಾಲ್ಕು ಮಾತ್ರೆ ಮೌನ, ಹದಿನಾಲ್ಕಕ್ಕೆ ಹಾಜರು. ಟೆಕ್ನೋದಲ್ಲಿ ತೆಗೆದ ಬಾಸನ್ನು ಒಂದನೇ ಪೆಟ್ಟಿಗೇ ಧೊಪ್ಪೆಂದು ವಾಪಸ್ ತರುವುದು ರೂಢಿ. ಮೂರು ಮಾತ್ರೆ ಮೊದಲೇ ತಂದರೆ ಕಾಲು ತಾನಾಗಿ ಸಮ್ ಹುಡುಕಿಕೊಂಡು ಹೋಗುತ್ತದೆ. ಇದರ ಮೇಲೆ ಒಂದು ಫಿಲ್ಟರು, ಆರೇಳು ನಿಮಿಷದಲ್ಲಿ ಬಹಳ ನಿಧಾನವಾಗಿ ತೆರೆದುಕೊಳ್ಳುವಂಥದ್ದು. ಒಂದೂ ಸ್ವರ ಸೇರಿಸಲಿಲ್ಲ.

ಸೀಸನ್ ಶುರುವಾದ ಮೇಲೆ ಅದೇ ಬಯಲಲ್ಲಿ ಹಾಕಿದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಹದಿನೆಂಟು ಇಂಚಿನ ಸಬ್ಬಿನ ಪಕ್ಕ ಬಾದಾಮಿ ಹುಡುಗ ಖಾಲಿ ಕೇಸಿನ ಮೇಲೆ ಕೂತು ಫೋನ್ ನೋಡುತ್ತಿದ್ದ. ಅವನ ಎಡಗಾಲ ಹೆಬ್ಬೆರಳು ಚಪ್ಪಲಿಯ ಮೇಲೆ ಬಡಿಯುತ್ತಿತ್ತು. ಖಾಲಿ ಬಂದಾಗ ಹೆಬ್ಬೆರಳು ಮೇಲೆಯೇ ನಿಲ್ಲುತ್ತಿತ್ತು. ಪ್ರತಿ ಸಲವಲ್ಲ, ಆದರೆ ನಾನು ಎಣಿಸುವಷ್ಟು ಸಲ. ಕಣ್ಣು ಫೋನ್ ಬಿಟ್ಟು ಏಳಲೇ ಇಲ್ಲ.

ಜಗಳ ಬಗೆಹರಿಯಿತು ಎಂದುಕೊಂಡು ಒಂದು ತಿಂಗಳು ಎಲ್ಲರಿಗೂ ಉಪದೇಶ ಮಾಡುತ್ತ ತಿರುಗಿದೆ. ಅಷ್ಟರಲ್ಲಿ ಕಾಣಕೋಣದ ಪಾಲೋಲೆಂನಲ್ಲಿ ಹೆಡ್‌ಫೋನ್ ಪಾರ್ಟಿಗೆ ಕರೆ ಬಂತು. ಹತ್ತರ ನಿಯಮ ತಪ್ಪಿಸದೆ ರಾತ್ರಿಯಿಡೀ ಕುಣಿಸುವ ಉಪಾಯ ಅದು. ಮೂವರು ಡಿಜೆಗಳು ಒಟ್ಟಿಗೆ ನುಡಿಸುತ್ತಾರೆ, ಬಂದವರು ಬಟನ್ ಒತ್ತಿ ಯಾರನ್ನು ಬೇಕೋ ಅವರನ್ನು ಕೇಳುತ್ತಾರೆ. ಕೇಳುತ್ತಿರುವ ಚಾನೆಲ್ಲಿನ ಬಣ್ಣ ಹೆಡ್‌ಫೋನ್ ಮೇಲೆ ಹೊಳೆಯುತ್ತದೆ. ನನ್ನದು ನೀಲಿ. ಡಿಜೆಗೆ ಇದಕ್ಕಿಂತ ಕ್ರೂರವಾದ ಪರೀಕ್ಷೆ ಇಲ್ಲ, ಫಲಿತಾಂಶ ಕಣ್ಣೆದುರೇ ಬಣ್ಣ ಬದಲಿಸುತ್ತಿರುತ್ತದೆ.

ಖಾಲಿಯ ಟ್ರ್ಯಾಕ್ ಹಾಕಿದೆ. ನೀಲಿ ತಲೆಗಳು ಒಂದೊಂದಾಗಿ ಹಸಿರಾದವು. ಮೂರು ನಿಮಿಷಕ್ಕೆ ನನ್ನ ಜೊತೆ ಉಳಿದದ್ದು ಏಳೆಂಟು, ಅದರಲ್ಲೂ ಒಬ್ಬ ನಿದ್ದೆ ಹೋಗಿದ್ದ. ಹಸಿರಿನವನ ಹತ್ತಿರ ಸ್ವರಮೇಳ, ಪಿಯಾನೊ, ಹಾಡು ಎಲ್ಲ ಇತ್ತು. ಸೋತವನು ಕೈಗೆ ಸಿಕ್ಕಿದ್ದನ್ನು ಎಸೆಯುವ ಹಾಗೆ ಹಳೇ ಭೀಮಪಲಾಸ ಹಾಕಿದೆ. ತಾರ ಷಡ್ಜದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮರಳು ನೀಲಿಯಾಗಿತ್ತು.

ಆಮೇಲೆ ಯೋಚಿಸಿದಾಗ ಅರ್ಥವಾಯಿತು. ಹೆಡ್‌ಫೋನಿನಲ್ಲಿ 50 ಹರ್ಟ್ಜ್ ಕಿವಿಗಷ್ಟೇ ಬರುತ್ತದೆ, ಎದೆಗೂಡು ನಡುಗುವುದಿಲ್ಲ. ಇಲ್ಲದ್ದನ್ನು ತೆಗೆದರೆ ಖಾಲಿ ಯಾರಿಗೆ ಗೊತ್ತಾಗಬೇಕು? ಮೇಲಾಗಿ ಪಕ್ಕದಲ್ಲಿ ಕುಣಿಯುವವಳು ಬೇರೇನೋ ಕೇಳುತ್ತಿರುವಾಗ ಅವಳ ಕಾಲು ನೋಡಿ ತಾಳ ಹಿಡಿಯುವಂತಿಲ್ಲ. ಒಂಟಿ ಕಿವಿಗೆ ಜೊತೆ ಬೇಕು, ಅದನ್ನು ರಾಗವೇ ಕೊಡಬೇಕು. ಲೂಪ್ ಸಾಕು ಎನ್ನುವ ನಮ್ಮ ಗುಂಪಿನವರು ಈ ಬಾಕ್ಸಿನ ಮಾತನ್ನೇ ಎತ್ತುವುದಿಲ್ಲ. ದೊಡ್ಡ ಸಿಸ್ಟಮ್ ಮುಂದೆ ನಿಂತು ಮಾಡಿದ ತೀರ್ಮಾನವನ್ನು ಟೆಕ್ನೋದ ಗುಣ ಅಂತ ಸಾರುತ್ತಾರೆ.

ಈಗ ಪ್ರತಿ ಟ್ರ್ಯಾಕಿಗೂ ಎರಡು ಫೈಲು. 'ಗ್ವಾಡಿ' ಅನ್ನುವುದು ಸಬ್ ಇರುವ ಜಾಗಕ್ಕೆ, 'ಕಿವಿ' ಅನ್ನುವುದು ಪಾಲೋಲೆಂಗೆ. ಹೋದ ವಾರ ಭೀಮಪಲಾಸದ 'ಕಿವಿ'ಯನ್ನು ತಿದ್ದಿ ಅಪ್ಪನ ವಾಟ್ಸಾಪಿಗೆ ಕಳಿಸಿದೆ. ಎರಡು ದಿನ ನೀಲಿ ಟಿಕ್ ಅಷ್ಟೇ. ಮೂರನೇ ದಿನ ಧ್ವನಿ ಸಂದೇಶ ಬಂತು: "ಆರೋಹದಾಗ ರಿಷಭ ಬಂದೈತಿ. ತಗಿ."

ಭೀಮಪಲಾಸದಲ್ಲಿ ಸ್ವರ ಏರುವಾಗ ರಿಷಭ ಮುಟ್ಟುವಂತಿಲ್ಲ. ಕೇಳಿ ನೋಡಿದೆ. ನಾಲ್ಕನೇ ನಿಮಿಷದಲ್ಲಿ, ಜಾರಿಸುವಾಗ, ಹೌದು, ಬಂದಿತ್ತು. ತೆಗೆದೆ.