ನೆಲದ ಕೆಲಸ ಅಳೆಯುವುದು ಹೇಗೆ: ಹತ್ತು ಗ್ರಾಂ ತರಗೆಲೆ, ಒಂದು ಬಲೆ ಚೀಲ

ಮರ ಕಡಿದರೆ ಕಣ್ಣಿಗೆ ಕಾಣುತ್ತದೆ, ಕೆರೆ ಬತ್ತಿದರೂ ಕಾಣುತ್ತದೆ. ಉದುರಿದ ಎಲೆ ಕೊಳೆಯುವುದು ನಿಧಾನವಾದರೆ, ಮಳೆನೀರು ಇಂಗದೆ ಮೇಲ್ಮೇಲೆ ಹರಿದುಹೋದರೆ, ಹೂ ಬಿಟ್ಟರೂ ಕಾಯಿ ಕಚ್ಚದಿದ್ದರೆ ಮಾತ್ರ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಒಂದು ಜಾಗದಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂದು ಎಣಿಸುವವರು ಹಲವರಿದ್ದಾರೆ. ಆ ಜೀವಿಗಳೆಲ್ಲ ಸೇರಿ ಮಾಡಬೇಕಾದ ಕೆಲಸ ನಡೆಯುತ್ತಿದೆಯೇ ಎಂದು ಅಳೆಯುವವರು ಕಡಿಮೆ. ಅಳೆಯಲು ದುಬಾರಿ ಪ್ರಯೋಗಾಲಯವೂ ಬೇಕಿಲ್ಲ. ತರಗೆಲೆ, ನೈಲಾನ್ ಬಲೆ, 0.01 ಗ್ರಾಂ ತೋರಿಸುವ ತೂಕದ ಯಂತ್ರ ಮತ್ತು ಮೂರು ತಿಂಗಳ ತಾಳ್ಮೆ ಇದ್ದರೆ ಸಾಕು.

ಎಲೆ ಕೊಳೆಯುವುದನ್ನೇ ಮೊದಲು ಅಳೆಯಬೇಕು ಎನ್ನಲು ಕಾರಣವಿದೆ. ಗಿಡಕ್ಕೆ ಸಾರಜನಕ, ರಂಜಕ ಮರಳಿ ಸಿಗುವುದು ಈ ದಾರಿಯಲ್ಲೇ. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಇಂಗಾಲ ಕೂತಿದೆ, ಅಂದರೆ ವಾತಾವರಣದಲ್ಲಿ ಇರುವುದಕ್ಕಿಂತ ಹೆಚ್ಚು. ಕೊಳೆಯುವ ವೇಗ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ.

ಹಂತ 1: ಜೋಡಿ ಜಾಗ ಆರಿಸಿ

ಎರಡು ಜಾಗಗಳ ನಡುವೆ ಆದಷ್ಟೂ ಒಂದೇ ವ್ಯತ್ಯಾಸ ಇರಲಿ. ಔಷಧಿ ಹೊಡೆಯುವ ತೋಟ ಮತ್ತು ಹೊಡೆಯದ ತೋಟ, ಭಾರದ ಯಂತ್ರ ಓಡಾಡಿದ ನೆಲ ಮತ್ತು ಓಡಾಡದ ನೆಲ, ಕಾಡಿನ ಅಂಚು ಮತ್ತು ಒಳಭಾಗ ಹೀಗೆ. ಮಣ್ಣಿನ ಬಗೆ, ಇಳಿಜಾರು, ಎತ್ತರ ಹೊಂದಿಕೆಯಾಗಬೇಕು. ಒಂದು ಕಡೆ ಜೇಡಿಮಣ್ಣು, ಇನ್ನೊಂದು ಕಡೆ ಮರಳುಮಣ್ಣು ಇದ್ದರೆ ಕೊನೆಗೆ ನೀವು ಅಳೆದದ್ದು ಮಣ್ಣಿನ ವ್ಯತ್ಯಾಸವೋ ಮನುಷ್ಯ ಮಾಡಿದ್ದರ ವ್ಯತ್ಯಾಸವೋ ಹೇಳಲಾಗುವುದಿಲ್ಲ.

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಒಂದು ತೋಟದಲ್ಲಿ ಐವತ್ತು, ಒಂದು ಕಾಡಿನಲ್ಲಿ ಐವತ್ತು ಚೀಲ ಇಟ್ಟರೆ ಗೊತ್ತಾಗುವುದು ಆ ಒಂದು ತೋಟ, ಆ ಒಂದು ಕಾಡಿನ ವಿಷಯ ಅಷ್ಟೇ. ತೋಟಗಳ ಬಗ್ಗೆ ಮಾತಾಡಬೇಕಾದರೆ ಕನಿಷ್ಠ ಐದು ಜೋಡಿ ಜಾಗ ಬೇಕು. ಕೆಲಸ ಕೈಮೀರುತ್ತದೆ ಎನಿಸಿದರೆ ಚೀಲ ಕಡಿಮೆ ಮಾಡಿ, ಜೋಡಿ ಕಡಿಮೆ ಮಾಡಬೇಡಿ.

ಹಂತ 2: ಚೀಲ ಹೊಲಿಯಿರಿ

ಅಳತೆ 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಎರಡು ಬಗೆ ಬೇಕು. ಮೊದಲನೆಯದಕ್ಕೆ ಎರಡೂ ಬದಿ 1 ಮಿ.ಮೀ.ಗಿಂತ ಸಣ್ಣ ಕಣ್ಣಿನ ಬಲೆ. ಶಿಲೀಂಧ್ರ, ಬ್ಯಾಕ್ಟೀರಿಯಾ ಮತ್ತು ತೀರಾ ಚಿಕ್ಕ ಜೀವಿಗಳು ಮಾತ್ರ ಒಳಗೆ ಹೋಗುತ್ತವೆ. ಎರಡನೆಯದಕ್ಕೆ ಕೆಳಬದಿ ಸಣ್ಣ ಕಣ್ಣು, ಮೇಲ್ಬದಿ 5 ಮಿ.ಮೀ. ಕಣ್ಣು. ಸಹಸ್ರಪದಿ, ಎರೆಹುಳು, ಗೆದ್ದಲಿಗೂ ಇದರೊಳಗೆ ದಾರಿಯಿದೆ. ಕೆಳಗೂ ದೊಡ್ಡ ಕಣ್ಣು ಇಟ್ಟರೆ ಚೂರಾದ ಎಲೆ ಸೋರಿಹೋಗಿ, ಕೊಳೆಯದೇ ಇದ್ದದ್ದೂ ಕೊಳೆತ ಲೆಕ್ಕಕ್ಕೆ ಸೇರುತ್ತದೆ. ಹತ್ತಿ ದಾರದಲ್ಲಿ ಹೊಲಿಯಬೇಡಿ, ಎಲೆಗಿಂತ ಮೊದಲು ದಾರವೇ ಕೊಳೆಯುತ್ತದೆ.

ಹಂತ 3: ಎಲೆ ಒಣಗಿಸಿ, ತೂಗಿ

ಆಗಷ್ಟೇ ಉದುರಿದ, ಒಂದೇ ಜಾತಿಯ ಮರದ ಎಲೆ ಆಯ್ದುಕೊಳ್ಳಿ. ಮರದಿಂದ ಕಿತ್ತ ಹಸಿರೆಲೆ ಬೇಡ. ಉದುರುವ ಮೊದಲು ಮರ ತನ್ನ ಎಲೆಯಿಂದ ಸಾರಜನಕವನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುವುದರಿಂದ ಹಸಿರೆಲೆಯೂ ತರಗೆಲೆಯೂ ಒಂದೇ ವೇಗದಲ್ಲಿ ಕೊಳೆಯುವುದಿಲ್ಲ. ನೆರಳಲ್ಲಿ ಒಂದು ವಾರ ಹರಡಿ ಒಣಗಿಸಿ, ಚೀಲಕ್ಕೆ 10 ಗ್ರಾಂನಂತೆ ತುಂಬಿ.

ಕೈಗೆ ಗರಿಗರಿ ಎನಿಸಿದರೂ ಎಲೆಯಲ್ಲಿ ನೀರು ಉಳಿದಿರುತ್ತದೆ. ಅದಕ್ಕೇ ಬೇರೆಯಾಗಿ 10 ಗ್ರಾಂನ ಐದು ಮಾದರಿಗಳನ್ನು 60 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 48 ಗಂಟೆ ಇಟ್ಟು ತೂಗಿ. ಸರಾಸರಿ 9.2 ಗ್ರಾಂ ಬಂತೆನ್ನಿ, ನಿಮ್ಮ ಆರಂಭದ ತೂಕ 9.2, ಹತ್ತಲ್ಲ. ಈ ತಿದ್ದುಪಡಿ ಬಿಟ್ಟರೆ ಒಂದು ಚೂರೂ ಕೊಳೆಯದ ಎಲೆ ಶೇ 8ರಷ್ಟು ಕೊಳೆತಂತೆ ತೋರುತ್ತದೆ.

ಹಂತ 4: ನೆಲಕ್ಕೆ ಇಡಿ

ಪ್ರತಿ ಜಾಗಕ್ಕೆ ಎರಡೂ ಬಗೆಯ ನಾಲ್ಕು ನಾಲ್ಕು ಚೀಲ. ಐದು ಜೋಡಿಗೆ ಒಟ್ಟು 80. ಅಲ್ಲಿರುವ ತರಗನ್ನು ಸರಿಸಿ, ಚೀಲ ಮಣ್ಣಿಗೆ ತಾಗುವಂತೆ ಮಲಗಿಸಿ, ನಾಲ್ಕು ಮೂಲೆಗೂ ಮೊಳೆ ಚುಚ್ಚಿ, ಸರಿಸಿದ ತರಗನ್ನೇ ಮೇಲೆ ಹರಡಿ. ಚೀಲದಿಂದ ಚೀಲಕ್ಕೆ ಕನಿಷ್ಠ 5 ಮೀಟರ್ ಅಂತರ ಇರಲಿ. ಸಂಖ್ಯೆಯನ್ನು ಅಲ್ಯೂಮಿನಿಯಂ ತಗಡಿನ ಚೂರಿನ ಮೇಲೆ ಒತ್ತಿ ಬರೆದು ಒಳಗೆ ಹಾಕಿ. ಪೆನ್ನಿನ ಶಾಯಿ ಒಂದು ಮಳೆಗಾಲ ಕಾಣುವುದಿಲ್ಲ.

ಇನ್ನೂ ಐದು ಚೀಲಗಳನ್ನು ಜಾಗಕ್ಕೆ ಒಯ್ದು, ಇಟ್ಟು, ಅದೇ ದಿನ ವಾಪಸ್ ತನ್ನಿ. ಓಡಾಟದಲ್ಲೇ ಎಷ್ಟು ಪುಡಿ ಉದುರಿತು ಎಂಬುದು ಇದರಿಂದ ಗೊತ್ತಾಗುತ್ತದೆ. ಸಣ್ಣ ಕೆಲಸ, ಆದರೆ ಇದನ್ನು ಮಾಡದ ಲೆಕ್ಕವನ್ನು ನಂಬುವುದು ಕಷ್ಟ.

ಹಂತ 5: 90ನೇ ದಿನ ಎತ್ತಿ

ಬೇರುಗಳು ಬಲೆಯೊಳಗೆ ನುಗ್ಗಿರುತ್ತವೆ, ಕಣ್ಣುಗಳಲ್ಲಿ ಮಣ್ಣು ಮೆತ್ತಿರುತ್ತದೆ. ಎಳೆದು ಕೀಳದೆ, ಸುತ್ತಲಿನ ಬೇರು ಕತ್ತರಿಸಿ, ಒಂದೊಂದನ್ನೂ ಬೇರೆ ಕಾಗದದ ಕವರಿಗೆ ಹಾಕಿ. ನೀರಲ್ಲಿ ತೊಳೆದರೆ ಕರಗುವ ಅಂಶ ಹೋಗಿಬಿಡುತ್ತದೆ, ಮೆತ್ತನೆಯ ಬ್ರಶ್‌ನಿಂದ ಉಜ್ಜಿದರೆ ಒಳ್ಳೆಯದು. ಮತ್ತೆ 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ. ಕೆಲವು ಚೀಲ ಇಟ್ಟಾಗಿನಕ್ಕಿಂತ ಭಾರ ತೂಗಬಹುದು, ಅದು ಮೆತ್ತಿದ ಮಣ್ಣಿನ ತೂಕ. ಇಂಥದ್ದು ಹೆಚ್ಚಿದ್ದರೆ ಉಳಿದ ಎಲೆಯನ್ನು 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟು, ಬೂದಿಯ ತೂಕ ಕಳೆದು ಲೆಕ್ಕ ಹಾಕಬೇಕು. ಆರಂಭದ ಎಲೆಯ ಮಾದರಿಯನ್ನೂ ಹೀಗೆಯೇ ಸುಟ್ಟು ಅದರ ಬೂದಿ ಕಳೆಯಿರಿ, ಆಗಲೇ ಹೋಲಿಕೆ ಸರಿ. ಇದಕ್ಕೆ ಮಾತ್ರ ಕಾಲೇಜು ಪ್ರಯೋಗಾಲಯದ ಕುಲುಮೆ ಬೇಕು.

ಲೆಕ್ಕ ಸುಲಭ. ಉಳಿದ ತೂಕವನ್ನು ಆರಂಭದ ತೂಕದಿಂದ ಭಾಗಿಸಿ, ಸ್ವಾಭಾವಿಕ ಲಾಗರಿದಮ್ (ಕ್ಯಾಲ್ಕುಲೇಟರ್‌ನ ln ಗುಂಡಿ) ತೆಗೆದು, ದಿನಗಳಿಂದ ಭಾಗಿಸಿ, ಋಣ ಚಿಹ್ನೆ ಬಿಡಿ. 9.2 ಗ್ರಾಂನಲ್ಲಿ 5.52 ಉಳಿದರೆ ದರ ದಿನಕ್ಕೆ 0.0057. ಎಲೆ ಅರ್ಧಕ್ಕೆ ಇಳಿಯಲು ಸುಮಾರು 122 ದಿನ. 7.36 ಉಳಿದರೆ ದರ 0.0025, ಅರ್ಧಕ್ಕೆ ಇಳಿಯಲು ಸುಮಾರು 280 ದಿನ. ತೂಕದಲ್ಲಿ ಎರಡು ಗ್ರಾಂಗಿಂತ ಕಡಿಮೆ ಅಂತರ, ಕಾಲದಲ್ಲಿ ಎರಡು ಪಟ್ಟಿಗಿಂತ ಹೆಚ್ಚು.

ಏನು ಹೇಳುತ್ತಿದೆ ಎಂದು ಓದುವುದು

ಎರಡೂ ಬಗೆಯ ಚೀಲದಲ್ಲಿ ವೇಗ ಕುಸಿದಿದ್ದರೆ ಮೊದಲು ತೇವ, ಉಷ್ಣಾಂಶ ನೋಡಿ. ಮರದ ನೆರಳು ಹೋದ ಕಡೆ ಮೇಲ್ಮಣ್ಣು ಬೇಗ ಒಣಗುತ್ತದೆ, ತೇವವಿಲ್ಲದೆ ಸೂಕ್ಷ್ಮಜೀವಿ ಕೆಲಸ ಮಾಡದು. ತೇವ ಸಾಕಷ್ಟಿದ್ದು ಬಿಸಿ ಏರಿದರೆ ಒಂದು ಮಿತಿಯವರೆಗೆ ವೇಗ ಹೆಚ್ಚುತ್ತದೆ. ಸಣ್ಣ ಕಣ್ಣಿನ ಚೀಲ ಎರಡೂ ಕಡೆ ಒಂದೇ ಥರ ಇದ್ದು ದೊಡ್ಡ ಕಣ್ಣಿನದು ಮಾತ್ರ ಹಿಂದೆ ಬಿದ್ದಿದ್ದರೆ ಪೆಟ್ಟು ಬಿದ್ದದ್ದು ಎರೆಹುಳುವಿನಂಥ ದೊಡ್ಡ ಜೀವಿಗಳಿಗೆ ಎಂದು ಅನುಮಾನಿಸಬೇಕು. ತಾಮ್ರ ಬೆರೆತ ಶಿಲೀಂಧ್ರನಾಶಕ ವರ್ಷಗಟ್ಟಲೆ ಬಿದ್ದ ಹಣ್ಣಿನ ತೋಟಗಳಲ್ಲಿ ಎರೆಹುಳು ಇಲ್ಲವಾಗಿ, ಕೊಳೆಯದ ಎಲೆ ಚಾಪೆಯಂತೆ ಪೇರಿದ್ದು ದಾಖಲಾಗಿದೆ.

ಬೇಗ ಕೊಳೆತರೆ ಒಳ್ಳೆಯದು ಎಂದೂ ತೀರ್ಮಾನಿಸಬೇಡಿ. ಉತ್ತರ ಅಮೆರಿಕದ ಉತ್ತರ ಭಾಗದಲ್ಲಿ ಹಿಮಯುಗದ ನಂತರ ಎರೆಹುಳುಗಳೇ ಇರದ ಕಾಡುಗಳಿದ್ದವು. ಯುರೋಪಿನಿಂದ ಜನರ ಜತೆ ಬಂದ ಎರೆಹುಳುಗಳು ಅಲ್ಲಿನ ದಪ್ಪನೆಯ ತರಗಿನ ಹೊದಿಕೆಯನ್ನು ತಿಂದು ಮುಗಿಸುತ್ತಿವೆ, ಆ ಹೊದಿಕೆಯಲ್ಲಿ ಮೊಳೆಯುತ್ತಿದ್ದ ಗಿಡಗಳಿಗೆ ನೆಲೆ ತಪ್ಪುತ್ತಿದೆ. ಕೇಳಬೇಕಾದ್ದು ಆ ಜಾಗದ ಸಹಜ ವೇಗದಿಂದ ಎಷ್ಟು ದೂರ ಸರಿದಿದೆ ಎಂದು.

ಜತೆಗೆ ನೀರು, ಹೂವು

ಅದೇ ಜಾಗಗಳಲ್ಲಿ ನೀರು ಇಂಗುವ ವೇಗವನ್ನೂ ನೋಡಿ. 15 ಸೆಂ.ಮೀ. ವ್ಯಾಸದ ಲೋಹದ ಬಳೆಯನ್ನು 7 ಸೆಂ.ಮೀ. ಆಳಕ್ಕೆ ಬಡಿದು, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 440 ಮಿ.ಲೀ. ನೀರು ಸುರಿಯಿರಿ, ಇದು 2.5 ಸೆಂ.ಮೀ. ಮಳೆಗೆ ಸಮ. ಹಾಳೆ ಮೆಲ್ಲಗೆ ಎಳೆದ ಕ್ಷಣದಿಂದ ನೀರು ಮಾಯವಾಗುವವರೆಗೆ ಸಮಯ ಹಿಡಿಯಿರಿ. ಮೊದಲ ಸಲದ್ದು ಒಣಮಣ್ಣಿನ ದಾಹ, ಅದನ್ನು ಬಿಟ್ಟು ಎರಡನೇ ಸಲದ್ದನ್ನು ಬರೆದುಕೊಳ್ಳಿ. ಹತ್ತು ನಿಮಿಷ ಹಿಡಿದರೆ ಗಂಟೆಗೆ 150 ಮಿ.ಮೀ. ಆಯಿತು. ಬಳೆಯ ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ ನೀರು ಅಲ್ಲಿಂದಲೇ ಜಾರಿ, ತುಳಿದು ಗಟ್ಟಿಯಾದ ನೆಲವೂ ಚೆನ್ನಾಗಿ ಇಂಗಿಸಿದಂತೆ ತೋರುತ್ತದೆ. ಅಂಚನ್ನು ಬೆರಳಿನಿಂದ ಒತ್ತಿ ಮುಚ್ಚಿ.

ಪರಾಗಸ್ಪರ್ಶಕ್ಕೆ ಒಂದೇ ಜಾತಿಯ 60 ಮೊಗ್ಗು ಗುರುತಿಸಿ. 20ನ್ನು ಹಾಗೇ ಬಿಡಿ. 20ಕ್ಕೆ ಅರಳುವ ಮೊದಲೇ ಬಲೆ ಕಟ್ಟಿ, ಅರಳಿದ ಮೇಲೆ ಕಟ್ಟಿದರೆ ದುಂಬಿ ಬಂದುಹೋಗಿರುತ್ತದೆ. ಉಳಿದ 20ಕ್ಕೆ ಬೇರೆ ಗಿಡದ ಪರಾಗವನ್ನು ಬ್ರಶ್‌ನಿಂದ ಹಚ್ಚಿ. ಕೈಯಿಂದ ಹಚ್ಚಿದವುಗಳಲ್ಲಿ 16 ಕಾಯಿ ಕಚ್ಚಿ, ತೆರೆದಿಟ್ಟವುಗಳಲ್ಲಿ 8 ಕಚ್ಚಿದರೆ, ಬರಬೇಕಾದ ಕಾಯಿಯಲ್ಲಿ ಅರ್ಧ ಪರಾಗ ಸಾಲದೆ ಹೋಗಿದೆ. ಬಲೆಯೊಳಗಿನವೂ 8 ಕಚ್ಚಿದ್ದರೆ ಆ ಗಿಡಕ್ಕೆ ತಾನಾಗಿ ಕಾಯಿ ಕಚ್ಚುವ ಗುಣವಿದೆ, ತೆರೆದ ಹೂಗಳ ಕಾಯಿಯನ್ನು ದುಂಬಿಯ ಲೆಕ್ಕಕ್ಕೆ ಬರೆಯುವಂತಿಲ್ಲ.

ಮುಂದಿನ ವರ್ಷ ಅದೇ ತಿಂಗಳು, ಅದೇ ಜಾತಿಯ ಎಲೆಯಿಂದ ಮತ್ತೆ ಮಾಡಿ, ಮಳೆಯ ಲೆಕ್ಕವನ್ನು ಪಕ್ಕದಲ್ಲೇ ಬರೆದಿಡಿ. ಇಟ್ಟ 80 ಚೀಲಗಳನ್ನೂ ಎಣಿಸಿ ವಾಪಸ್ ತನ್ನಿ, ನೈಲಾನ್ ಅಲ್ಲಿ ಕೊಳೆಯುವುದಿಲ್ಲ.