ವಡೆ ಕಿತ್ಕೊಳೋದು ನಿಂತಿದ್ದು ಹೇಗೆ: ಸೋಶಿಯಲ್ ಸ್ಟೋರಿ, ನನ್ನ ಅನುಭವ

"ನಮ್ಮ ಆಟಿಸಂ ಮಕ್ಕಳಿಗೆ ಕಥೆ ಹೇಳಿ ಏನ್ ಪ್ರಯೋಜನ ಮೇಡಂ, ಮೊದ್ಲು ಕೂತ್ಕೊಳೋದು ಕಲಿಸಿ" ಅಂತಿದ್ದ ಥೆರಪಿಸ್ಟ್‌ಗಳೇ ಈಗ ನಿಮ್ಮ ಸೋಶಿಯಲ್ ಸ್ಟೋರಿ ಪಿಡಿಎಫ್ ಕಳಿಸಿ ಅಂತ ಮೆಸೇಜ್ ಹಾಕ್ತಿದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳೋಷ್ಟು ಟೈಮ್ ಇಲ್ಲ, ಅದಕ್ಕೇ ಒಂದ್ಸಲ ಬರೆದುಬಿಡ್ತೀನಿ. ಸೋಶಿಯಲ್ ಸ್ಟೋರಿ ಅಂದ್ರೆ ಒಂದು ಜಾಗದಲ್ಲಿ ಏನಾಗುತ್ತೆ, ಯಾಕೆ, ಅಲ್ಲಿ ಹೇಗಿರಬಹುದು ಅಂತ ಮಗುಗೆ ಸಣ್ಣ ಸಣ್ಣ ವಾಕ್ಯಗಳಲ್ಲಿ, ಚಿತ್ರದ ಜೊತೆ ಹೇಳೋ ಪುಟ್ಟ ಕಥೆ. ಅಮೆರಿಕದ ಟೀಚರ್ ಕ್ಯಾರಲ್ ಗ್ರೇ 1991ರ ಸುಮಾರಿಗೆ ಶುರು ಮಾಡಿದ್ದು.

ನಾನು ಸ್ಟೋರಿ ಮಾಡಿಕೊಟ್ಟ ಹುಡುಗನಿಗೆ ಒಂಬತ್ತು ವರ್ಷ, ಮಾತು ಬರುತ್ತೆ, ಆದ್ರೆ ಜಾಸ್ತಿ ಎಕೋಲೇಲಿಯಾ, ಅಂದ್ರೆ ಕೇಳಿದ ಮಾತನ್ನೇ ಹಾಗೇ ತಿರುಗಿ ಹೇಳೋದು. ಬಸವನಗುಡಿ ಕಡೆ ದರ್ಶಿನಿಗೆ ಹೋದ್ರೆ ಸಾಕು, ನಿಂತು ತಿನ್ನೋ ಟೇಬಲ್ ಮೇಲೆ ಯಾರದೇ ಪ್ಲೇಟ್ ಇರ್ಲಿ, ಕೈ ಹಾಕಿ ವಡೆ ಎತ್ಕೊಂಡುಬಿಡೋನು. ಅವರಮ್ಮ ಸಾರಿ ಹೇಳಿ ಹೇಳಿ ಸಾಕಾಗಿ ಹೋಟೆಲ್ಲಿಗೆ ಹೋಗೋದನ್ನೇ ಬಿಟ್ಟಿದ್ರು.

ರೆಡಿಮೇಡ್ ಇಂಗ್ಲಿಷ್ ಸ್ಟೋರಿ ಡೌನ್‌ಲೋಡ್ ಮಾಡಿದ್ರೆ ಅದರಲ್ಲಿ ಟೇಬಲ್ ಹತ್ರಕ್ಕೇ ಬಂದು ಆರ್ಡರ್ ತಗೊಳೋ ರೆಸ್ಟೋರೆಂಟ್ ಇರುತ್ತೆ, ನಮ್ಮ ದರ್ಶಿನಿಲಿ ಅದೆಲ್ಲಿ ಬರುತ್ತೆ? ಅದಕ್ಕೆ ಅವನು ಹೋಗೋ ಹೋಟೆಲ್ಲಿಗೇ ಹೋಗಿ, ಮಧ್ಯಾಹ್ನ ಮೂರರ ಮೇಲೆ ರಶ್ ಇಲ್ದಾಗ, ಓನರ್‌ನ ಕೇಳ್ಕೊಂಡು ಫೋಟೋ ತೆಗೆದೆ. ಬಿಲ್ ಕೌಂಟರ್, ಟೋಕನ್, ವಡೆ ಕೊಡೋ ಕಿಟಕಿ, ಕೈ ತೊಳೆಯೋ ಜಾಗ, ಎಲ್ಲ ಅವನ ಎತ್ತರದಿಂದ. ನಾವು ನಿಂತ್ಕೊಂಡು ತೆಗೆದ್ರೆ ಕೌಂಟರ್ ಮೇಲಿರೋದೆಲ್ಲ ಕಾಣುತ್ತೆ, ಅವನಿಗೆ ಕಾಣೋದು ಬರೀ ಗ್ರಾನೈಟ್ ಮತ್ತೆ ಜನರ ಬೆನ್ನು.

ಮೊದಲು ಎ4ಲಿ ಕಲರ್ ಪ್ರಿಂಟ್ ಹಾಕಿಸಿ ಲ್ಯಾಮಿನೇಶನ್ ಮಾಡಿಸಿದ್ದು, ಎಂಟು ಪೇಜಿಗೆ ಮುನ್ನೂರರ ಹತ್ತಿರ ಹೋಯ್ತು. ಪೂರ್ತಿ ದಂಡ. ಅವನು ಹಾಳೆನ ಓರೆ ಮಾಡಿ ಟ್ಯೂಬ್‌ಲೈಟ್ ಬೆಳಕನ್ನ ಸೀಲಿಂಗ್ ಮೇಲೆ ಬಿಟ್ಟು ಅದನ್ನೇ ನೋಡ್ತಾ ಕೂತ, ಕಥೆ ಕಡೆ ಕಣ್ಣೇ ಹಾಯಿಸ್ಲಿಲ್ಲ. ಆಮೇಲೆ ಸ್ಟುಡಿಯೋದಲ್ಲಿ ಮ್ಯಾಟ್ ಫಿನಿಶ್ ಫೋಟೋ, ಒಂದಕ್ಕೆ ಹತ್ತೋ ಹನ್ನೆರಡೋ ರೂಪಾಯಿ, ಬರಹನೂ ಫೋಟೋ ಕೆಳಗೇ ಪ್ರಿಂಟು. ಮೂಲೆಗೆ ತೂತು ಹೊಡೆದು ರಿಂಗ್ ಹಾಕಿದ್ರೆ ಅವರಮ್ಮನ ಬ್ಯಾಗಲ್ಲೇ ಇರುತ್ತೆ.

ಬರೆದಿದ್ದು ಹೀಗೆ: "ಪ್ಲೇಟಲ್ಲಿರೋ ವಡೆ ಆ ಅಂಕಲ್‌ದು. ಅಂಕಲ್ಗೂ ಹಸಿವಾಗಿರುತ್ತೆ. ಅವರ ವಡೆ ಬೇರೆಯವರು ತಗೊಂಡ್ರೆ ಅವರಿಗೆ ಬೇಜಾರಾಗಬಹುದು. ನನ್ನ ವಡೆ ಕಿಟಕಿಯಿಂದ ಬರುತ್ತೆ. ಅಲ್ಲೀವರೆಗೂ ಟೋಕನ್ ಹಿಡ್ಕೊಂಡು ನಿಂತ್ಕೊಳಕ್ಕೆ ಟ್ರೈ ಮಾಡ್ತೀನಿ." ಮಾಡು ಅನ್ನೋದು ಒಂದೇ ಒಂದು ಸಾಲು, ಉಳಿದಿದ್ದೆಲ್ಲ ಯಾಕೆ ಅನ್ನೋದು. ನಮ್ಮಲ್ಲಿ ಎಷ್ಟೋ ಜನ ಸೋಶಿಯಲ್ ಸ್ಟೋರಿ ಅಂತ ಮಾಡೋದು ಬರೀ ರೂಲ್ಸ್ ಪಟ್ಟಿ, ಕಿತ್ಕೋಬೇಡ, ಕೂಗಬೇಡ, ಓಡಬೇಡ, ಅದಕ್ಕೊಂದು ಕಾರ್ಟೂನ್. ಅದನ್ನ ಮನೇಲಿ ದಿನಾ ಕೇಳ್ತಾನೇ ಇರ್ತಾನೆ ಪಾಪ.

ಎರಡನೇ ವಾರ ಇನ್ನೊಂದು ಎಡವಟ್ಟು. "ಟೋಕನ್ ಕೊಟ್ರೆ ವಡೆ ಕೊಡ್ತಾರೆ" ಅಂತ ಪುಸ್ತಕದಲ್ಲಿದೆ, ಅಲ್ಲಿ ವಡೆ ಖಾಲಿ. ಫುಲ್ ಮೆಲ್ಟ್‌ಡೌನ್, ತಡ್ಕೊಳಕ್ಕಾಗದೆ ಪೂರ್ತಿ ಕಂಟ್ರೋಲ್ ತಪ್ಪಿಹೋದ, ಟೋಕನ್ ಡಬ್ಬಿನೇ ಕೆಳಗೆ ಬಿತ್ತು. ನಮ್ಮ ಮಕ್ಕಳಿಗೆ ಬರೆದಿದ್ದು ಅಂದ್ರೆ ಬರೆದಿದ್ದೇ. "ಕೆಲವು ಸಲ ವಡೆ ಖಾಲಿ ಆಗಿರುತ್ತೆ, ಆಗ ಅಮ್ಮ ಇಡ್ಲಿ ಕೇಳ್ತಾರೆ" ಅಂತ ಒಂದು ಪೇಜ್ ಸೇರಿಸಿದ ಮೇಲೆ ಸರಿಹೋಯ್ತು.

ಮಧ್ಯದಲ್ಲಿ ಬೇರೆ ಸರ್ಕಸ್‌ಗಳೂ ಆದ್ವು. ಕೈಗೊಂಬೆ ಹಾಕ್ಕೊಂಡು ಹೇಳಿದೆ, ಅವನು ಗೊಂಬೆ ಒಳಗಿನ ನನ್ನ ಬೆರಳನ್ನ ಎಣಿಸ್ದ. ಅವರಪ್ಪನ ವಾಯ್ಸಲ್ಲಿ ಕಥೆ ರೆಕಾರ್ಡ್ ಮಾಡಿಸ್ದೆ, ಕೆಮ್ಮು ಸಮೇತ ಪೂರ್ತಿ ಬಾಯಿಪಾಠ ಮಾಡಿ ಒಪ್ಪಿಸ್ತಾ ಒಪ್ಪಿಸ್ತಾನೇ ಪಕ್ಕದವರ ವಡೆ ಎತ್ಕೊಂಡ! ಆದ್ರೆ ಅದೂ ವೇಸ್ಟ್ ಆಗ್ಲಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಒಂದಿನ ಟೇಬಲ್ ಹತ್ರ ಕೈ ಮುಂದೆ ಹೋಗಿತ್ತು, ಅರ್ಧದಲ್ಲೇ ನಿಂತು, "ಆ ಅಂಕಲ್‌ದು, ಆ ಅಂಕಲ್‌ದು" ಅಂತ ಜೋರಾಗಿ ಹೇಳ್ಕೊಂಡು ಟೋಕನ್ ಮುಷ್ಠಿ ಬಿಗಿ ಮಾಡ್ಕೊಂಡ. ಅಂಕಲ್ ಪಾಪ ಗಾಬರಿಯಾಗಿ ಪ್ಲೇಟ್ ಎತ್ಕೊಂಡ್ರು, ಅವರಮ್ಮ ಅಳ್ತಾ ನಗ್ತಾ ನಿಂತಿದ್ರು. ಎಕೋಲೇಲಿಯಾನ ನಿಲ್ಲಿಸ್ಬೇಕು ಅನ್ನೋರು ಇದನ್ನ ನೋಡ್ಬೇಕಿತ್ತು.

ಓದೋದು ಹೊರಡೋ ಮುಂಚೆ, ಶಾಂತವಾಗಿದ್ದಾಗ, ದಿನಕ್ಕೊಂದ್ಸಲ ಅಷ್ಟೇ. ಗಲಾಟೆ ಆಗ್ತಿರುವಾಗ ಪುಸ್ತಕ ತೆಗೆದ್ರೆ ಅದು ಶಿಕ್ಷೆ ಥರ ಆಗುತ್ತೆ, ಆಮೇಲೆ ಅದನ್ನ ಮುಟ್ಟಲ್ಲ. ಮಗು ಈಗಾಗ್ಲೇ ಚೆನ್ನಾಗಿ ಮಾಡೋದರ ಮೇಲೂ ಸ್ಟೋರಿ ಮಾಡಿ, ಈ ಹುಡುಗನಿಗೆ ಚಪ್ಪಲಿ ಜೋಡಿಸೋದರ ಮೇಲೆ ಒಂದಿದೆ, ಅದೇ ಅವನ ಫೇವರಿಟ್. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದಕ್ಕೆ ಸ್ಟೋರಿ ಮಾಡ್ಕೊಡಿ ಅಂತ ಕೇಳೋ ಪೇರೆಂಟ್ಸ್ ಇದಾರೆ, ನಾನಂತೂ ಮಾಡಲ್ಲ, ಆ ಮಕ್ಕಳಿಗೆ ಅದು ಹಿಂಸೆ. ಕೊನೇ ಪೇಜಲ್ಲಿ ನಾನು ಏನು ಹಾಕ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರಿಯಲ್ಲ, ಸಿಕ್ಕಾಗ ಕೇಳಿ.

ಈಗ ಇದೇ ಹುಡುಗನಿಗೆ ಮೆಟ್ರೋ ಬಗ್ಗೆ ಒಂದು ಸ್ಟೋರಿ ಮಾಡ್ತಾ ಕೂತಿದೀನಿ. ಸೆಕ್ಯೂರಿಟಿ ಚೆಕ್‌ನಲ್ಲಿ ಡಿಟೆಕ್ಟರ್ ಬೀಪ್ ಅಂದ್ರೆ ಕಿವಿ ಮುಚ್ಕೊಂಡು ನೆಲದ ಮೇಲೆ ಕೂತುಬಿಡ್ತಾನೆ, ಅಲ್ಲಿ ಫೋಟೋ ತೆಗಿಯೋದೂ ಕಷ್ಟ. ಲೈನ್ ಡ್ರಾಯಿಂಗ್ ಮಾಡಿಕೊಡೋರು ಯಾರಾದ್ರೂ ಇದ್ರೆ ಹೇಳಿ, ಪೇಜಿಗೆ ನೂರು ರೂಪಾಯಿ ತನಕ ಕೊಡಬಲ್ಲೆ.