ಅಮೆರಿಕದ ಮನೆಯ ಗ್ಯಾಸ್ ವ್ಯವಸ್ಥೆ: ಉತ್ತರ ಕನ್ನಡದಿಂದ ಹೊರಟವರಿಗೆ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಕಡೆಯಿಂದ ಹೋಗಿ ಅಮೆರಿಕದಲ್ಲಿ ಸಂಸಾರ ಹೂಡಿದವರಿಗಾಗಲಿ, ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವ ಆಯಿ-ಅಪ್ಪಂದಿರಿಗಾಗಲಿ ಗ್ಯಾಸ್ ಒಲೆ ಹೊಸದಲ್ಲ. 14.2 ಕಿಲೋ ತೂಕದ ಸಿಲಿಂಡರ್ ಎಲ್ಲರಿಗೂ ಗೊತ್ತು. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸ್ ಕೂಡ ಉರಿದಿದೆ. ಈ ಪರಿಚಯವೇ ಒಮ್ಮೊಮ್ಮೆ ತೊಡಕಾಗುತ್ತದೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಎಲ್ಲಿ ಸೋರುತ್ತಿದೆ ಎಂದು ನಾವೇ ಹುಡುಕುವ ರೂಢಿ ನೆಲದಡಿಯ ಕೊಳವೆಯಿಂದ ಬಿಡುವಿಲ್ಲದೆ ಬರುವ ಅನಿಲದ ಮುಂದೆ ನಡೆಯುವುದಿಲ್ಲ.

ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಅವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ನಿಲ್ಲುತ್ತವೆ. ಅಮೆರಿಕದ ಪಟ್ಟಣಗಳ ಕೊಳವೆಯಲ್ಲಿ ಹರಿಯುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ, 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಯಲ್ಲಿ ಬರುವುದೂ ಇದೇ ಮೀಥೇನ್. ಅದು ಗಾಳಿಗಿಂತ ಹಗುರವಾದ್ದರಿಂದ ಮೇಲಕ್ಕೇರಿ ಮಾಡಿನ ಕೆಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಸೋರಿಕೆ ಪತ್ತೆ ಮಾಡುವ ಸಾಧನವನ್ನು ಅಲ್ಲಿ ಗೋಡೆಯ ಬುಡದಲ್ಲಿಡದೆ ಮೇಲುಗಡೆ ಕೂಡಿಸುತ್ತಾರೆ. ಊರಿಂದ ದೂರದ ಕೆಲವು ಮನೆಗಳಿಗೆ ಕೊಳವೆ ತಲುಪಿರುವುದಿಲ್ಲ, ಅಂಗಳದಲ್ಲಿ ಪ್ರೊಪೇನ್ ಟ್ಯಾಂಕ್ ಇರುತ್ತದೆ. ಮನೆ ಹಿಡಿಯುವಾಗಲೇ ಯಾವ ಅನಿಲವೆಂದು ವಿಚಾರಿಸಿಕೊಳ್ಳಬೇಕು.

ಮೀಥೇನಿಗೆ ಸ್ವಂತ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕೆಳಗೆ ಯಾರಿಗೂ ತಿಳಿಯದಂತೆ ತುಂಬಿಕೊಂಡ ಅನಿಲ ಸ್ಫೋಟಿಸಿ ಮುನ್ನೂರರಷ್ಟು ಮಂದಿ, ಹೆಚ್ಚಿನವರು ಮಕ್ಕಳು, ಪ್ರಾಣ ಕಳೆದುಕೊಂಡ ಮೇಲೆ ಅನಿಲಕ್ಕೆ ವಾಸನೆ ಬೆರೆಸುವುದು ಕಾನೂನಾಯಿತು. ಮೀಥೇನ್ ಗಾಳಿಯಲ್ಲಿ ಸುಮಾರು ಶೇಕಡಾ 5ರಿಂದ 15ರಷ್ಟು ಬೆರೆತಾಗ ಹೊತ್ತಿಕೊಳ್ಳುತ್ತದೆ; ಆ ಕೆಳಮಿತಿಯ ಐದನೇ ಒಂದು ಭಾಗ, ಅಂದರೆ ಶೇಕಡಾ ಒಂದರಷ್ಟು ಇರುವಾಗಲೇ ಸಾಮಾನ್ಯ ಮೂಗಿಗೆ ತಿಳಿಯುವಷ್ಟು ವಾಸನೆ ಇರಬೇಕೆಂದು ಅಲ್ಲಿಯ ಕೇಂದ್ರ ನಿಯಮ ಹೇಳುತ್ತದೆ. ಕೊಳೆತ ಮೊಟ್ಟೆಯಂಥ ಆ ನಾತ ಬಂದರೆ ಅದು ಎಚ್ಚರಿಕೆಯೇ ಹೊರತು ಹುಡುಕಾಟಕ್ಕೆ ಸೂಚನೆಯಲ್ಲ. ನೆಗಡಿಯಾದವರಿಗೂ ವಯಸ್ಸಾದವರಿಗೂ ಅದು ತಿಳಿಯದೆ ಹೋಗಬಹುದು, ಬಹಳ ಹೊತ್ತು ಅದರಲ್ಲೇ ಇದ್ದವರ ಮೂಗಿಗೆ ಅದು ಒಗ್ಗಿಹೋಗಬಹುದು. ಹೊರಗಿನಿಂದ ಬಂದವರು 'ವಾಸನೆ ಬರುತ್ತಿದೆ' ಎಂದರೆ ಅವರ ಮಾತನ್ನೇ ನಂಬಬೇಕು.

ವಾಸನೆ ಬಂದಾಗ ಮಾಡಬೇಕಾದ ಮೊದಲ ಕೆಲಸ ಮನೆಯಿಂದ ಹೊರಬೀಳುವುದು. ದೀಪದ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಒಳಗೆ ನಿಂತು ಫೋನ್ ಮಾಡಬಾರದು, ಗ್ಯಾರೇಜಿನ ಬಾಗಿಲಿನ ಗುಂಡಿ ಒತ್ತಬಾರದು, ಕಾರು ಚಾಲೂ ಮಾಡಬಾರದು. ಕಿಟಕಿಗಳನ್ನೆಲ್ಲ ತೆರೆಯುತ್ತ ಒಳಗೆ ಉಳಿಯುವುದೂ ತಪ್ಪು. ದೂರ ಹೋಗಿ ನಿಂತು 911ಕ್ಕೋ ಅನಿಲ ಕಂಪನಿಯ ತುರ್ತು ಸಂಖ್ಯೆಗೋ ಕರೆ ಮಾಡಬೇಕು. ನಮ್ಮವರು ಹಿಂಜರಿಯುವುದು ಇಲ್ಲಿಯೇ: ಆ ದೇಶದಲ್ಲಿ ಯಾರನ್ನು ಕರೆದರೂ ಬಿಲ್ ಬರುತ್ತದೆಂಬ ಭಯ, ಸಣ್ಣ ವಿಷಯಕ್ಕೆ ಜನರನ್ನು ತೊಂದರೆಪಡಿಸಿದೆವೆಂಬ ಸಂಕೋಚ. ಅನಿಲ ಕಂಪನಿಗಳು ಸೋರಿಕೆಯ ದೂರಿಗೆ ಹಗಲು ರಾತ್ರಿ ಜನ ಕಳಿಸುತ್ತವೆ, ಆ ತಪಾಸಣೆಗೆ ಹಣ ಕೇಳುವುದಿಲ್ಲ, ಸೋರಿಕೆ ಇಲ್ಲವೆಂದು ಕಂಡುಬಂದರೂ ಬೈಯುವುದಿಲ್ಲ. ಊರಿನಲ್ಲಿ ಸಿಲಿಂಡರ್ ಸೋರಿದರೆ 1906ಕ್ಕೆ ಕರೆ ಮಾಡಬಹುದೆಂಬುದನ್ನೇ ಎಷ್ಟೋ ಮನೆಯವರು ಅರಿಯರು. ಅಲ್ಲಿಗೆ ಹೋದ ಮೇಲಾದರೂ ಸ್ಥಳೀಯ ತುರ್ತು ಸಂಖ್ಯೆಯನ್ನು ಫ್ರಿಜ್ಜಿನ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿಡುವುದು ಒಳ್ಳೆಯದು. ಇಂಗ್ಲಿಷ್ ತೊಡಕಾದರೆ 'ಗ್ಯಾಸ್ ಸ್ಮೆಲ್' ಎಂದು ಹೇಳಿ ವಿಳಾಸ ಕೊಟ್ಟರೆ ಸಾಕು.

ಸೋರಿಕೆಗೆ ವಾಸನೆಯಾದರೂ ಇದೆ. ಅನಿಲವಾಗಲಿ ಕೆಂಡವಾಗಲಿ ಸರಿಯಾಗಿ ಉರಿಯದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ಹಂಚಿನ ಮಾಡಿನ ಮನೆಗಳಲ್ಲಿ ಹೊಗೆ ತಾನಾಗಿಯೇ ಸಂದಿಗಳಿಂದ ಹೊರಹೋಗುತ್ತದೆ. ಚಳಿನಾಡಿನ ಮನೆಗಳನ್ನು ಗಾಳಿಯಾಡದಂತೆಯೇ ಕಟ್ಟಿರುತ್ತಾರೆ. ಆದ್ದರಿಂದ ಬಾಣಂತಿಗೆ ಕೆಂಡದ ಅಗ್ಗಿಷ್ಟಿಕೆ ಇಡುವ, ಕೂಸಿಗೆ ಕೆಂಡದ ಮೇಲೆ ಧೂಪ ಹಾಕುವ ಪದ್ಧತಿಯನ್ನು ಅಲ್ಲಿ ಪೂರ್ಣವಾಗಿ ಬಿಡಬೇಕೆಂದೇ ನನ್ನ ಅಭಿಪ್ರಾಯ. ಇದರಲ್ಲಿ ಅಜ್ಜಿಯ ಮನಸ್ಸು ನೋಯುತ್ತದೆಂದು ರಿಯಾಯಿತಿ ತೋರಲಾಗದು. ಚಳಿಗೆ ಓವನ್ನಿನ ಬಾಗಿಲು ತೆರೆದಿಟ್ಟು ಕಾಯಿಸಿಕೊಳ್ಳುವುದು, ಮುಚ್ಚಿದ ಗ್ಯಾರೇಜಿನಲ್ಲಿ ಕಾರನ್ನು ಬಿಸಿಮಾಡುವುದು, ಕರೆಂಟು ಹೋದಾಗ ಇದ್ದಿಲ ಗ್ರಿಲ್ಲನ್ನೋ ಜನರೇಟರನ್ನೋ ಒಳಗೆ ತರುವುದು ಇಷ್ಟೇ ಅಪಾಯದ ಕೆಲಸಗಳು. ಮನೆಯವರೆಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ಪಿತ್ತವೆಂದು ತಳ್ಳಿಹಾಕದೆ ಎಲ್ಲರೂ ಹೊರಬಂದು 911ಕ್ಕೆ ತಿಳಿಸಬೇಕು. ಇನ್ನೊಂದು ಮಾತು: ಒಗ್ಗರಣೆಯ ಹೊಗೆಗೆ ಅಲಾರಂ ಕೂಗುತ್ತದೆಂದು ಬ್ಯಾಟರಿ ತೆಗೆದಿಡುವ ಮನೆಗಳಿವೆ. ಹಲವೆಡೆ ಹೊಗೆಗೂ ಕಾರ್ಬನ್ ಮೊನಾಕ್ಸೈಡಿಗೂ ಒಂದೇ ಅಲಾರಂ ಇರುವುದರಿಂದ ಒಂದನ್ನು ಸುಮ್ಮನಾಗಿಸಲು ಹೋಗಿ ಎರಡನ್ನೂ ಕಳೆದುಕೊಂಡಂತಾಗುತ್ತದೆ. ಮನೆ ಕಾಯಿಸುವ ಫರ್ನೇಸನ್ನು ಚಳಿಗಾಲಕ್ಕೆ ಮುಂಚೆ ಪ್ರತಿವರ್ಷ ಪರೀಕ್ಷೆ ಮಾಡಿಸಬೇಕು. ಹಿಮ ಬಿದ್ದಾಗ ಹೊಗೆಕೊಳವೆಯ ಬಾಯಿ ಮುಚ್ಚಿದೆಯೇ ಎಂದು ಹೊರಗೆ ಹೋಗಿ ನೋಡಬೇಕು.

ಜವಾಬ್ದಾರಿಯ ಗಡಿ ಸಾಮಾನ್ಯವಾಗಿ ಮೀಟರು. ರಸ್ತೆಯಿಂದ ಮೀಟರಿನವರೆಗಿನ ಕೊಳವೆ ಕಂಪನಿಯದು. ಅದರಿಂದ ಒಳಗಿನದು ಮನೆಯ ಮಾಲೀಕರದು. ಮೀಟರಿನ ಬಳಿಯ ವಾಲ್ವಿನ ಹಿಡಿ ಕೊಳವೆಗೆ ಅಡ್ಡಲಾಗಿದ್ದರೆ ಅನಿಲ ನಿಂತಿದೆ ಎಂದರ್ಥ. ಒಮ್ಮೆ ಮುಚ್ಚಿದ್ದನ್ನು ತಿರುಗಿ ತೆರೆಯುವ ಕೆಲಸವನ್ನು ಕಂಪನಿಯವರಿಗೇ ಬಿಡಬೇಕು.

ಹಿತ್ತಲಲ್ಲಿ ತೊಂಡೆ, ಬಸಳೆಯ ಚಪ್ಪರ ಹಾಕದೆ ನಮ್ಮವರಿಗೆ ಸಮಾಧಾನವಿಲ್ಲ. ಆದರೆ ಕಂಬಕ್ಕೆ ಗುಂಡಿ ತೋಡುವ ಮೊದಲು 811ಕ್ಕೆ ಕರೆ ಮಾಡಬೇಕು; ಇದು 2007ರಿಂದ ಇಡೀ ದೇಶಕ್ಕೆ ಒಂದೇ ಸಂಖ್ಯೆ. ಕೆಲವು ದಿನ ಮುಂಚಿತವಾಗಿ ತಿಳಿಸಿದರೆ ಆಯಾ ಸಂಸ್ಥೆಗಳವರು ಬಂದು ನೆಲದ ಮೇಲೆ ಗುರುತು ಹಾಕುತ್ತಾರೆ: ಅನಿಲಕ್ಕೆ ಹಳದಿ, ವಿದ್ಯುತ್ತಿಗೆ ಕೆಂಪು, ಕುಡಿಯುವ ನೀರಿಗೆ ನೀಲಿ, ಚರಂಡಿಗೆ ಹಸಿರು. ಇದಕ್ಕೂ ದುಡ್ಡಿಲ್ಲ. ಈಗಿನ ಅನಿಲ ಕೊಳವೆಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ಗುದ್ದಲಿಯ ಏಟಿಗೆ ನಿಲ್ಲುವುದಿಲ್ಲ. ಗುದ್ದಲಿ ತಾಗಿ ಬರೇ ಗೀರು ಬಿದ್ದಿದ್ದರೂ ಮಣ್ಣು ಮುಚ್ಚಿ ಸುಮ್ಮನಾಗದೆ ಕಂಪನಿಗೆ ತಿಳಿಸಬೇಕು.

ಬಿಲ್ಲಿನ ಅಳತೆ ಹಲವೆಡೆ ಥರ್ಮ್‌ಗಳಲ್ಲಿ ಇರುತ್ತದೆ. ಒಂದು ಥರ್ಮ್ ಎಂದರೆ 29.3 ಯೂನಿಟ್ ವಿದ್ಯುತ್ತಿನಷ್ಟು ಶಾಖ. ನಮ್ಮ ಒಂದು ಸಿಲಿಂಡರಿನಲ್ಲಿ ಆರೇಳು ಥರ್ಮ್ ಇರುತ್ತದೆ. ಚಳಿನಾಡಿನ ದೊಡ್ಡ ಮನೆ ಜನವರಿಯಲ್ಲಿ ನೂರು ಥರ್ಮ್ ದಾಟುವುದುಂಟು, ಅಂದರೆ ತಿಂಗಳಿಗೆ ಹದಿನೈದು ಸಿಲಿಂಡರ್. ಅನಿಲದ ಬೆಲೆಯ ಜೊತೆಗೆ ಸಾಗಣೆಯ ಶುಲ್ಕವೂ, ಬಳಸದಿದ್ದರೂ ಕೊಡಬೇಕಾದ ಸ್ಥಿರ ಶುಲ್ಕವೂ ಇರುತ್ತವೆ. ವರ್ಷದ ಖರ್ಚನ್ನು ಹನ್ನೆರಡು ಸಮ ಕಂತುಗಳಾಗಿ ಕಟ್ಟುವ ಯೋಜನೆ ಬಹುತೇಕ ಕಂಪನಿಗಳಲ್ಲಿದೆ. ಸಂಬಳ ನಂಬಿ ಬದುಕುವವರಿಗೆ ಅದು ಅನುಕೂಲ.

ಒಂದು ಪ್ರದೇಶದಲ್ಲಿ ಕೊಳವೆ ಹಾಕುವುದು ಒಂದೇ ಕಂಪನಿಯಾದ್ದರಿಂದ ಅದರ ದರವನ್ನು ರಾಜ್ಯದ ಆಯೋಗ ತೀರ್ಮಾನಿಸುತ್ತದೆ. ಟೆಕ್ಸಸ್‌ನಲ್ಲಿ ಆ ಅಧಿಕಾರ ಇರುವುದು ರೈಲ್‌ರೋಡ್ ಕಮಿಷನ್ ಎಂಬ ಸಂಸ್ಥೆಗೆ, ಅದಕ್ಕೀಗ ರೈಲಿನ ಮೇಲೆ ಯಾವ ಅಧಿಕಾರವೂ ಇಲ್ಲ! ಜಾರ್ಜಿಯಾದ ಬಹುಭಾಗದಲ್ಲಿ ಕೊಳವೆ ಒಬ್ಬರದು, ಅನಿಲ ಮಾರುವವರು ಹಲವರು, ಆಯ್ಕೆ ನಮ್ಮದು. ಫಿಲಡೆಲ್ಫಿಯಾ, ಪಾಲೊ ಆಲ್ಟೊಗಳಲ್ಲಿ ನಗರಾಡಳಿತವೇ ಅನಿಲ ಒದಗಿಸುತ್ತದೆ. ದರ ಏರಿಸುವ ಅರ್ಜಿ ಬಂದಾಗ ಆಯೋಗಗಳು ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ, ಅದನ್ನು ಹೇಳಲು ಅಲ್ಲಿಯ ಪೌರತ್ವ ಬೇಕಿಲ್ಲ, ಬಿಲ್ ಕಟ್ಟುವವರಾಗಿದ್ದರೆ ಸಾಕು. ನಮ್ಮವರು ಅಲ್ಲಿ ಕಾಣಿಸಿಕೊಳ್ಳುವುದು ಕಡಿಮೆ.

ಬಿಲ್ ಕಟ್ಟಲಾಗದ ಸ್ಥಿತಿ ಬಂದರೆ ಗಡುವು ಮೀರುವ ಮುಂಚೆಯೇ ಕಂಪನಿಗೆ ಕರೆ ಮಾಡಿ ಕಂತು ಕೇಳಬೇಕು. ಹಲವು ರಾಜ್ಯಗಳಲ್ಲಿ ಚಳಿಗಾಲದ ಸಂಪರ್ಕ ಕಡಿತಕ್ಕೆ ನಿರ್ಬಂಧವಿದೆ. ಮ್ಯಾಸಚೂಸೆಟ್ಸ್‌ನಲ್ಲಿ ಆರ್ಥಿಕ ಸಂಕಷ್ಟದಲ್ಲಿರುವ ಮನೆಗಳಿಗೆ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಅದು ಅನ್ವಯಿಸುತ್ತದೆ. 'ಒಂದು ಗಂಟೆಯಲ್ಲಿ ಗಿಫ್ಟ್ ಕಾರ್ಡಿನಲ್ಲಿ ಹಣ ಕಟ್ಟದಿದ್ದರೆ ಗ್ಯಾಸ್ ನಿಲ್ಲಿಸುತ್ತೇವೆ' ಎಂಬ ಕರೆ ಬಂದರೆ ಅದು ಮೋಸವೇ, ಫೋನ್ ಇಟ್ಟುಬಿಡಿ.

ಈ ಕಂಪನಿಗಳು ಶಾಲೆಗಳಲ್ಲಿ ಮಕ್ಕಳಿಗೆ ವಾಸನೆ ಗುರುತಿಸಲು ಕಲಿಸುತ್ತವೆ, ಅಗ್ನಿಶಾಮಕ ದಳದವರಿಗೆ ತರಬೇತಿ ಕೊಡುತ್ತವೆ, ಬಿಲ್ಲಿನ ಜೊತೆ ಒಂದೆರಡು ಡಾಲರ್ ಸೇರಿಸಿ ಕೊಟ್ಟವರ ಹಣದಿಂದ ಬಡವರ ಬಾಕಿ ತೀರಿಸುವ ನಿಧಿಗಳನ್ನೂ ಕೆಲವು ನಡೆಸುತ್ತವೆ. ಇದರಲ್ಲಿ ಪ್ರಚಾರದ ಪಾಲೂ ಇದೆ ಎನ್ನುವುದು ನಿಜ. ಆದರೂ ಮನೆಯ ಶಾಖ ಎಲ್ಲಿ ಪೋಲಾಗುತ್ತಿದೆ ಎಂದು ಪರೀಕ್ಷಿಸಿ ಸಹಾಯಧನ ನೀಡುವಂಥ ಕಾರ್ಯಕ್ರಮಗಳನ್ನು ಬಿಡಬಾರದು; ಮ್ಯಾಸ್ ಸೇವ್ ಹೆಸರಿನ ಅಂಥ ಪರೀಕ್ಷೆ ಮ್ಯಾಸಚೂಸೆಟ್ಸ್‌ನಲ್ಲಿ ಉಚಿತ, ಬಾಡಿಗೆದಾರರೂ ಕೇಳಬಹುದು.

ಹೊಸದಾಗಿ ಹೋದವರಿಗೆ ಅಲ್ಲಿ ಸಾಲ-ಪಾವತಿಯ ದಾಖಲೆ ಇರುವುದಿಲ್ಲ, ಆದ್ದರಿಂದ ಸಂಪರ್ಕ ಕೊಡುವ ಮೊದಲು ಠೇವಣಿ ಕೇಳಬಹುದು. ಒಂದು ವರ್ಷ ತಪ್ಪದೆ ಕಟ್ಟಿದರೆ ಸಾಮಾನ್ಯವಾಗಿ ಅದು ವಾಪಸು ಬರುತ್ತದೆ. ಮನೆ ಬಿಡುವ ದಿನಾಂಕವನ್ನು ಮುಂಚೆಯೇ ತಿಳಿಸಿ ಮೀಟರಿನ ಕೊನೆಯ ಅಂಕಿ ಬರೆಸದಿದ್ದರೆ ಮುಂದೆ ಬಂದವರ ಖರ್ಚು ನಮ್ಮ ಲೆಕ್ಕಕ್ಕೆ ಬರುತ್ತದೆ. ಅದೇ ಹೊತ್ತಿಗೆ, ಬಾಕಿಯಿಲ್ಲದೆ ಬಿಲ್ ಕಟ್ಟಿದ್ದಾರೆಂಬ ಪತ್ರವನ್ನು ಕೇಳಿ ಪಡೆದರೆ ಮುಂದಿನ ಊರಿನ ಕಂಪನಿ ಠೇವಣಿ ಕೇಳದೆ ಇರಲೂಬಹುದು.